ಪೇಷಂಟ್ ಕಡೆಯವರು

ಶ್ರೀಗಂಧದ ಕಾವಲಿನ ಆ ಚಿಕ್ಕ ನರ್ಸಿಂಗ್ ಸ್ಕೂಲಿನಲ್ಲಿ ಕೋಕಿಲಾ ಮೇಡಂ ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದುದು ಒಂದೇ ಪಾಠ. ರೋಗಿಯ ಮೈ ತೊಳೆಯುವುದು, ಹಾಸಿಗೆ ಹಾಸುವುದು, ಮಗ್ಗುಲು ತಿರುಗಿಸುವುದು, ಉಣಿಸುವುದು, ಜ್ವರ ನೋಡಿ ಬರೆಯುವುದು. ಹುಟ್ಟಿ ಮೂರು ದಿನದ ಕೂಸಿಗೆ ನೀರೆಷ್ಟು ಬೆಚ್ಚಗಿರಬೇಕು, ತೊಂಬತ್ತರ ಅಜ್ಜಿಯ ಚರ್ಮವನ್ನು ಉಜ್ಜದೆ ಹೇಗೆ ಒತ್ತಿ ಒತ್ತಿ ಒರೆಸಬೇಕು, ಎಲ್ಲವೂ ಆ ಪಾಠದಲ್ಲಿ ಬರುತ್ತಿತ್ತು. ಹೆಸರು ಕೋಕಿಲಾ ಆದರೂ ದನಿ ಮಾತ್ರ ಕಾಗೆಯದು. ಹುಡುಗಿಯರು ಹಿಂದಿನಿಂದ ಅದನ್ನಾಡಿಕೊಂಡು ನಗುತ್ತಿದ್ದರು, ಎದುರಿಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅಂಥ ಮೇಡಂ ಮೂರು ವಾರದಿಂದ ಎಡಪಾದದ ಅಡಿಯಲ್ಲಿ ಒಂದು ಹುಣ್ಣನ್ನು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಳು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಗಿತ್ತು, ಪಾದದಲ್ಲಿ ಸ್ಪರ್ಶ ಹೋಗಿ ಎರಡು ವರ್ಷ. ಚಪ್ಪಲಿಯೊಳಗೆ ಎದ್ದಿದ್ದ ಒಂದು ಸಣ್ಣ ಮೊಳೆ ಎಷ್ಟು ದಿನ ಚುಚ್ಚಿತೋ, ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಅಡುಗೆಮನೆಯ ನೆಲದ ಮೇಲೆ ಕಂದು ಕಲೆ ಕಂಡಾಗ. ‘ಸಕ್ಕರೆ ಕಾಯಿಲೆಯವರು ದಿನವೂ ಪಾದ ನೋಡಿಕೊಳ್ಳಬೇಕು, ತಮಗೆ ಕಾಣದಿದ್ದರೆ ಮನೆಯವರ ಕೈಲಿ ನೋಡಿಸಬೇಕು’ ಎಂದು ವರ್ಷ ವರ್ಷವೂ ನೋಟ್ಸ್ ಬರೆಸುತ್ತಿದ್ದವಳು ಇವಳೇ. ಅತ್ತಿಗುಪ್ಪೆಯ ಅವಳ ಬಾಡಿಗೆ ಮನೆಯಲ್ಲಿ ಮನೆಯವರು ಅಂತ ಯಾರಿದ್ದರು? ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಕಲೆ ಕಂಡ ಮರುದಿನವೇ ವಿಜಯನಗರದ ಕಡೆಯ ಒಂದು ಆಸ್ಪತ್ರೆಗೆ ಹೋದಳು. ಅಷ್ಟರ ಮಟ್ಟಿಗೆ ಬುದ್ಧಿ ನೆಟ್ಟಗಿತ್ತು. ಡಾಕ್ಟರು ಪಾದ ನೋಡಿ, “ಇವತ್ತೇ ಅಡ್ಮಿಟ್ ಆಗಿ ಸಿಸ್ಟರ್. ಕ್ಲೀನ್ ಮಾಡಿ ನಾಲ್ಕು ದಿನ ಇಂಜೆಕ್ಷನ್ ಕೊಟ್ರೆ ವಾಸಿಯಾಗುತ್ತೆ. ಬಿಟ್ರೆ ಮೂಳೆಗಿಳಿದು ಬೆರಳು ತೆಗೆಯೋ ಹಾಗಾಗುತ್ತೆ, ನಿಮಗೆ ನಾನು ಹೇಳ್ಬೇಕಾ?” ಎಂದರು. ಅಡ್ಮಿಷನ್ ಕೌಂಟರಿನಲ್ಲಿದ್ದವನು ಹೆಸರು, ವಯಸ್ಸು, ವಿಳಾಸ ಬರೆದುಕೊಂಡು, “ಪೇಷಂಟ್ ಕಡೆಯವರು ಯಾರಿದಾರೆ?” ಎಂದು ಕೇಳಿದ. ಹಿಂದೆ ಕ್ಯೂ ಇತ್ತು. ಒಬ್ಬ ಮುದುಕನ ಜೊತೆ ಏಳು ಜನ ಬಂದು, ಯಾರ ಹೆಸರು ಬರೆಸುವುದು ಎಂದು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ಕೋಕಿಲಾ, “ಹೊರಗಡೆ ಇದಾರೆ, ಕರ್ಕೊಂಡು ಬರ್ತೀನಿ” ಎಂದಳು. ಹೊರಗೆ ನಾಲ್ಕು ಆಟೋ ನಿಂತಿದ್ದವು, ಒಬ್ಬ ಎಳನೀರು ಕೊಚ್ಚುತ್ತಿದ್ದ. ಅವಳು ಮತ್ತೆ ಒಳಗೆ ಹೋಗಲಿಲ್ಲ.

ಒಡಹುಟ್ಟಿದವನೊಬ್ಬನಿದ್ದ, ಸಿದ್ದೇಶ್, ಕೆಂಗೇರಿಯಲ್ಲಿ. ಅಮ್ಮ ಏಳು ವರ್ಷ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಕೋಕಿಲಾ. ಅವಳ ಮದುವೆಯ ಮಾತು ಆ ಏಳು ವರ್ಷದಲ್ಲೇ ತಣ್ಣಗಾಯಿತು. ಅಮ್ಮ ನ್ಯುಮೋನಿಯಾ ಆಗಿ ತೀರಿಕೊಂಡ ದಿನ ಸಿದ್ದೇಶ್ ನೆಂಟರಿಷ್ಟರ ಮುಂದೆ, “ಊರಿಗೆಲ್ಲ ನರ್ಸು, ಹೆತ್ತೋಳನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ” ಎಂದುಬಿಟ್ಟ. ಅಲ್ಲಿಗೆ ಅಕ್ಕತಮ್ಮನ ಮಾತು ನಿಂತು ಆರು ವರ್ಷವಾಗಿತ್ತು. ಆಸ್ಪತ್ರೆಯಿಂದ ಬಂದ ಸಂಜೆ ಅವಳೇ ಸೋತು ಫೋನ್ ಮಾಡಿದಳು.

“ಹಲೋ, ಯಾರು ಮಾತಾಡ್ತಿರೋದು?”

“ನಾನು.”

“ನಾನು ಅಂದ್ರೆ ಯಾರಮ್ಮ?”

ಅವಳ ನಂಬರು ಅವನ ಫೋನಿನಲ್ಲಿರಲಿಲ್ಲ. ದನಿಯೂ ಮರೆತಿತ್ತು. “ರಾಂಗ್ ನಂಬರ್” ಎಂದು ಅವಳೇ ಇಟ್ಟುಬಿಟ್ಟಳು.

ಅಂದಿನಿಂದ ಸ್ನಾನದ ಮನೆಯ ಸ್ಟೂಲಿನ ಮೇಲೆ ಕೂತು, ನೆಲದ ಮೇಲೆ ಕನ್ನಡಿ ಇಟ್ಟುಕೊಂಡು, ತನ್ನ ಹುಣ್ಣಿಗೆ ತಾನೇ ಡ್ರೆಸಿಂಗ್ ಮಾಡಿಕೊಳ್ಳುತ್ತಿದ್ದಳು. ಅಂಚು ಕಪ್ಪಾಗುತ್ತಿರುವುದು ಕಾಣುತ್ತಿತ್ತು. ವಾಸನೆ ಬಂದ ದಿನ ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ ಹಾಕಿಕೊಂಡಳು. ಚಾಕುವಿನ ಹೆದರಿಕೆ ಅವಳಿಗಿರಲಿಲ್ಲ. ಅಷ್ಟು ಜನರೆದುರಿಗೆ ‘ನನಗೆ ಯಾರೂ ಇಲ್ಲ’ ಎಂದು ಬಾಯಿಬಿಟ್ಟು ಹೇಳಬೇಕಲ್ಲ, ಆ ನಾಚಿಕೆ ಅವಳನ್ನು ತಿನ್ನುತ್ತಿತ್ತು. ಓದಿದವಳು, ಅದರಲ್ಲೂ ನರ್ಸು, ಇಂಥ ನಾಚಿಕೆಗೆ ಕಾಲಿನ ಬೆರಳನ್ನು ಒತ್ತೆ ಇಡುವುದೇ ಎಂದು ಯಾರಾದರೂ ಗದರಿದ್ದರೆ ಆಗುತ್ತಿತ್ತು. ಗದರುವವರೂ ಇರಲಿಲ್ಲ.

ಹೀಗಿರುವಾಗ ಸಪ್ಲಿಮೆಂಟರಿ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಮಾರ್ಚಿನಲ್ಲಿ ಫೇಲಾದ ಐದು ಹುಡುಗಿಯರು, ತುಮಕೂರಿನಿಂದ ಬಂದ ಎಕ್ಸಾಮಿನರ್ ಬಸವರಾಜೇಶ್ವರಿ, ಮತ್ತು ಕೋಕಿಲಾ. ಹಾಸಿಗೆಯಲ್ಲೇ ರೋಗಿಗೆ ಸ್ನಾನ ಮಾಡಿಸಿ ತೋರಿಸುವುದು ಪರೀಕ್ಷೆ. ವರ್ಷವೂ ರೋಗಿಯಾಗಿ ಮಲಗುತ್ತಿದ್ದವಳು ವಾಚ್‌ಮನ್ ಹೆಂಡತಿ ಪಟಾಲಮ್ಮ. “ವರ್ಷಕ್ಕೊಂದ್ ದಿನ ಬೆನ್ನು ತಿಕ್ಕೋರು ಸಿಗ್ತಾರೆ, ಬಿಡ್ತೀನಾ?” ಎಂದು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬರುತ್ತಿದ್ದಳು. ಅವತ್ತು ಅವಳು ಯಾರೋ ತೀರಿಹೋದರೆಂದು ಬೆಳಗ್ಗೆಯೇ ಮಾಗಡಿ ಬಸ್ಸು ಹತ್ತಿದ್ದಳು.

ಕ್ಲಾಸಿನಲ್ಲಿ ಕಲಿಸಲು ಒಂದು ರಬ್ಬರ್ ಗೊಂಬೆ ಇತ್ತು. ಬಸವರಾಜೇಶ್ವರಿ ಅದರತ್ತ ಕಣ್ಣೂ ಹಾಯಿಸಲಿಲ್ಲ. “ಗೊಂಬೆ ಮೈ ತೊಳೆಯೋದೂ ಒಂದೇ, ಬಿಂದಿಗೆ ತೊಳೆಯೋದೂ ಒಂದೇ. ಜೀವ ಇರೋ ಪೇಷಂಟ್ ಬೇಕು” ಎಂದರು. ಹುಡುಗಿಯರಲ್ಲೇ ಒಬ್ಬಳನ್ನು ಮಲಗಿಸೋಣವೆಂದರೆ, ಮಲಗಿದವಳು ಹೊದಿಕೆಯೊಳಗಿಂದ ಉತ್ತರ ಪಿಸುಗುಟ್ಟುತ್ತಾಳೆ, ಅದು ತಾವು ಕಂಡ ವಿದ್ಯೆ ಎಂದರು. ಕೊನೆಗೆ, “ಕೋಕಿಲಾ ಮೇಡಂ, ನೀವೇ ಮಲ್ಕೊಂಡ್ಬಿಡಿ. ಆದ್ರೆ ಒಂದು ಮಾತೂ ಆಡೋ ಹಾಗಿಲ್ಲ. ಪೇಷಂಟ್ ಅಂದ್ರೆ ಪೇಷಂಟ್ ಅಷ್ಟೇ” ಎಂದು ತೀರ್ಮಾನ ಕೊಟ್ಟರು.

ಕೋಕಿಲಾ ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಲೆಕ್ಕ ಹಾಕಿದಳು. ಪ್ರತಿ ಹುಡುಗಿಯೂ ಒಂದು ಚೀಟಿ ಎತ್ತಬೇಕು, ಚೀಟಿಯಲ್ಲಿ ಬಂದ ಅಂಗವನ್ನಷ್ಟೇ ತೊಳೆಯಬೇಕು. ಹತ್ತು ಚೀಟಿ, ಅದರಲ್ಲಿ ಕಾಲಿನದು ಒಂದೇ. ದೇವರು ಅಷ್ಟು ಕೆಟ್ಟವನಿರಲಾರ ಎಂದುಕೊಂಡು, ಅಂಗಿ ಬದಲಿಸಿ, ಕಾಲುಚೀಲ ಮಾತ್ರ ತೆಗೆಯದೆ ಮಂಚದ ಮೇಲೆ ಮಲಗಿದಳು. ಸುತ್ತ ಹಸಿರು ಪರದೆ ಎಳೆದರು.

ಮೊದಲ ಹುಡುಗಿಗೆ ಬಂದದ್ದು ಬಲಗೈ. ನೀರಿನ ಬಿಸಿಯನ್ನು ಮಣಿಕಟ್ಟಿನ ಮೇಲೆ ನೋಡಿಕೊಂಡು, ಭುಜದಿಂದ ಬೆರಳಿನ ತನಕ ಒರೆಸಿದಳು. ಎರಡನೆಯವಳಿಗೆ ಬೆನ್ನು. ಅವಳ ಅಂಗೈ ಬೆಚ್ಚಗಿತ್ತು, ಕತ್ತಿನ ಬುಡದಿಂದ ಸೊಂಟದವರೆಗೆ ನಿಧಾನವಾಗಿ ಇಳಿದು ಮತ್ತೆ ಮೇಲೆ ಹೋಯಿತು. ಕೋಕಿಲಾ ಹದಿನಾಲ್ಕು ವರ್ಷ ಆ ಕೈಚಲನೆ ಕಲಿಸಿದ್ದಳು, ಅದು ಹೇಗಿರುತ್ತದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಹೋದ ಮೇಲೆ ಯಾರೂ ಅವಳನ್ನು ಮುಟ್ಟಿರಲಿಲ್ಲ. ಮೆಟ್ರೋದಲ್ಲಿ ನೂಕುವವರನ್ನು ಲೆಕ್ಕಕ್ಕೆ ಹಿಡಿಯುವ ಹಾಗಿದ್ದರೆ ಬೇರೆ ಮಾತು. ದಿಂಬಿಗೆ ಮುಖ ಒತ್ತಿಕೊಂಡು ಅವಳು ಸದ್ದಿಲ್ಲದೆ ಅತ್ತಳು, ಇನ್ನೂ ಸ್ವಲ್ಪ ಹೊತ್ತು ತಿಕ್ಕಲಿ ಎಂದು ಆಸೆಪಟ್ಟಳು. ಹುಡುಗಿಗೆ ನಿಗದಿಯಾಗಿದ್ದ ಸಮಯ ಮುಗಿಯಿತು.

ಮೂರನೆಯವಳು ರಂಜಿನಿ. ಅಮ್ಮ ಗಾರ್ಮೆಂಟ್ಸಿನಲ್ಲಿ ದುಡಿದು ಓದಿಸುತ್ತಿದ್ದ ಹುಡುಗಿ, ಹತ್ತೊಂಬತ್ತು ವರ್ಷ, ಸದಾ ಗಾಬರಿ. ಮಾರ್ಚಿನಲ್ಲಿ ಥರ್ಮಾಮೀಟರನ್ನು ಡಬ್ಬಿಯಿಂದ ತೆಗೆಯದೆಯೇ ರೋಗಿಯ ಜ್ವರ ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದು ಬರೆದಿದ್ದಳು. “ಡಬ್ಬೀಲಿ ಕೂತ್ಕೊಂಡೇ ನಿಂಗೆ ಕಣಿ ಹೇಳ್ತೇನೇ ಇದು?” ಎಂದು ಬೈದು ಫೇಲು ಮಾಡಿದ್ದವಳು ಕೋಕಿಲಾಳೇ. ಈ ಸಲವೂ ಫೇಲಾದರೆ ಕೋರ್ಸೇ ಬಿಡಬೇಕಿತ್ತು. ರಂಜಿನಿ ಚೀಟಿ ಬಿಡಿಸಿ ಓದಿದಳು: “ಎರಡೂ ಕಾಲು ಮತ್ತು ಪಾದ.”

“ಅಮ್ಮಾ, ನಿಮ್ಮ ಕಾಲು ತೊಳೀತೀನಿ. ನೀರು ಬಿಸಿ ಅನ್ನಿಸಿದ್ರೆ ಹೇಳಿ” ಎಂದು ಪಾಠದ ಮಾತನ್ನು ಒಪ್ಪಿಸಿ, ಬಲಗಾಲಿನ ಕಾಲುಚೀಲ ತೆಗೆದಳು. ಮೇಡಂ ಪಾದ ಮುಟ್ಟಿದ್ದೇ ತಡ, ಅಭ್ಯಾಸಬಲದಿಂದ ಆ ಕೈಯನ್ನು ಕಣ್ಣಿಗೊತ್ತಿಕೊಂಡುಬಿಟ್ಟಳು.

“ಪೇಷಂಟಿಗೆ ನಮಸ್ಕಾರ ಮಾಡೋದು ಎಷ್ಟನೇ ಸ್ಟೆಪ್ಪಮ್ಮ?” ಎಂದರು ಬಸವರಾಜೇಶ್ವರಿ. ಪರದೆಯಾಚೆ ಹುಡುಗಿಯರು ಕಿಸಕ್ಕೆಂದರು. ರಂಜಿನಿ ಇಂಗು ತಿಂದ ಮಂಗನ ಹಾಗೆ ನಿಂತು, ಮತ್ತೆ ಕೈ ತೊಳೆದು, ಬಲಪಾದವನ್ನು ಬೆರಳ ಸಂದಿಯೂ ಬಿಡದೆ ಚೆನ್ನಾಗಿ ತೊಳೆದು ಒರೆಸಿದಳು. ಎಡಗಾಲಿಗೆ ಬಂದಳು. ಒಂದು ಕಾಲುಚೀಲ ತೆಗೆದಳು. ಅದರೊಳಗಿನ ಇನ್ನೊಂದನ್ನೂ ತೆಗೆದಳು.

ಬ್ಯಾಂಡೇಜು ಹಳದಿಯಾಗಿ ತೊಯ್ದಿತ್ತು. ಅಂಚು ಎತ್ತಿದವಳು ಉಸಿರು ಹಿಡಿದು ಮೇಡಂ ಮುಖ ನೋಡಿದಳು. ಕೋಕಿಲಾ ತಲೆಯನ್ನು ಒಂದೇ ಒಂದು ಸಲ ಅಡ್ಡಡ್ಡ ಆಡಿಸಿದಳು. ಅಷ್ಟೇ ಸಾಕಾಯಿತು. ರಂಜಿನಿ ಎಕ್ಸಾಮಿನರಿಗೆ ಅಡ್ಡವಾಗಿ ತಿರುಗಿ ನಿಂತು, ಮೊಣಕಾಲಿನಿಂದ ಪಾದದ ಗಿಣ್ಣಿನವರೆಗೆ ಒರೆಸಿ, ಎರಡೂ ಕಾಲುಚೀಲಗಳನ್ನು ಮೆಲ್ಲಗೆ ಏರಿಸಿದಳು. ಬಸವರಾಜೇಶ್ವರಿ ಆಗ ಅಂಕಪಟ್ಟಿಯಲ್ಲಿ ಏನೋ ತಿದ್ದುತ್ತಿದ್ದರು. ರಂಜಿನಿ ರೆಕಾರ್ಡ್ ಬರೆದು ಗಟ್ಟಿಯಾಗಿ ಓದಿದಳು: “ಎರಡೂ ಪಾದಗಳ ಚರ್ಮ ಸಹಜವಾಗಿದೆ. ಗಾಯ, ಊತ, ಏನೂ ಇಲ್ಲ.”

“ಗುಡ್. ಬೆರಳ ಸಂದಿ ಒರೆಸಿದ್ದು ಚೆನ್ನಾಗಿತ್ತು. ಇಪ್ಪತ್ತೈದಕ್ಕೆ ಇಪ್ಪತ್ತು” ಎಂದರು ಬಸವರಾಜೇಶ್ವರಿ.

ಕೋಕಿಲಾ ಸೂರು ನೋಡುತ್ತಾ ಮಲಗಿದ್ದಳು. ಮುಗಿಯಿತಲ್ಲ ಎಂದು ಮೊದಲು ಜೀವ ಹಗುರವಾಯಿತು. ಹುಡುಗಿ ಪಾಸು, ತನ್ನ ಮಾನವೂ ಉಳಿಯಿತು, ಯಾರಿಗೂ ನಷ್ಟವಿಲ್ಲ. ಮರುಕ್ಷಣವೇ ಮುಂದಿನದು ಕಣ್ಣಿಗೆ ಕಟ್ಟಿತು. ಇವತ್ತು ಗುರುವಿನ ಮುಖ ನೋಡಿ ಗಾಯ ಮುಚ್ಚಿದವಳು ನಾಳೆ ದೊಡ್ಡ ಡಾಕ್ಟರ ಮುಖ ನೋಡಿ ಮುಚ್ಚುತ್ತಾಳೆ, ಮನೆಯವರ ಮುಖ ನೋಡಿ ಮುಚ್ಚುತ್ತಾಳೆ. ಎಲ್ಲೋ ಒಂದು ವಾರ್ಡಿನಲ್ಲಿ ಯಾರದೋ ತಾಯಿ ಆ ‘ಸಹಜವಾಗಿದೆ’ಯನ್ನು ನಂಬಿಕೊಂಡು ಸಾಯುತ್ತಾಳೆ. ಕಲಿಸಿದವಳು ತಾನು, ತಲೆಯ ಒಂದೇ ಅಲ್ಲಾಟದಲ್ಲಿ. ಇದನ್ನು ತಿದ್ದಬೇಕಾದರೆ ಕಾಲುಚೀಲ ಬಿಚ್ಚಲೇಬೇಕಿತ್ತು. ಆ ಕೆಲಸಕ್ಕೆ ಅವಳ ಕೈಯೇ ಬರುತ್ತಿರಲಿಲ್ಲ. ನಾಲ್ಕನೆಯ ಹುಡುಗಿ ಚೀಟಿಗೆ ಕೈ ಹಾಕುವಷ್ಟರಲ್ಲಿ ಬಾಯಿ ಬಂತು.

“ರಂಜಿನಿ, ಬರ್ದಿರೋದನ್ನ ಹೊಡೆದು ಹಾಕು.”

“ಪೇಷಂಟ್ ಮಾತಾಡೋ ಹಾಗಿಲ್ಲ ಮೇಡಂ” ಎಂದು ಬಸವರಾಜೇಶ್ವರಿ ಗದರಿದರು.

“ಪೇಷಂಟ್ ಅಲ್ಲ, ಅವಳ ಟೀಚರ್ ಮಾತಾಡ್ತಿರೋದು.” ಕೋಕಿಲಾ ಎದ್ದು ಕೂತು, ಬಗ್ಗಿ, ಎರಡೂ ಕಾಲುಚೀಲ ಎಳೆದು ಹಾಕಿ, ಬ್ಯಾಂಡೇಜು ಬಿಚ್ಚಿದಳು. ವಾಸನೆ ಪರದೆ ದಾಟಿ ಹೋಯಿತು. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಇಣುಕಿದರು. ಬಸವರಾಜೇಶ್ವರಿ ಕುರ್ಚಿಯಿಂದೆದ್ದು ಬಂದು ಪಾದ ನೋಡಿ, “ಅಯ್ಯೋ ಶಿವನೇ, ಎಷ್ಟು ದಿನದಿಂದ?” ಎಂದರು.

“ಇಪ್ಪತ್ತೆರಡು ದಿನ.” ಕೋಕಿಲಾ ರಂಜಿನಿಯನ್ನೇ ನೋಡುತ್ತಿದ್ದಳು. “ನೋಡಿದೆ ತಾನೇ? ಯಾಕೆ ಬರೀಲಿಲ್ಲ?”

“ನೀವೇ ಬೇಡ ಅಂದ್ರಿ ಮೇಡಂ... ನಿಮಗೆ ಅವಮಾನ ಆಗುತ್ತೆ ಅಂತ.” ಹುಡುಗಿ ಅಳಲು ಶುರುಮಾಡಿದ್ದಳು.

“ಬೇಡ ಅಂದಿದ್ದು ನನ್ ತಪ್ಪು. ಯಾರ ಪಾದ ಆದ್ರೇನು, ಕಣ್ಣಿಗೆ ಕಂಡಿದ್ದನ್ನ ಬರೀಬೇಕು ಕಣೇ. ಬರಿ ಈಗ.”

ರಂಜಿನಿ ಮೂಗೊರೆಸಿಕೊಂಡು, ಕೈಗವಸು ಹಾಕಿ, ಅಳತೆಪಟ್ಟಿ ಹಿಡಿದು ಬರೆದಳು. ಎಡಪಾದದ ಅಡಿ, ಹೆಬ್ಬೆರಳಿನ ಬುಡದಲ್ಲಿ ಹುಣ್ಣು, ಮೂರು ಸೆಂಟಿಮೀಟರ್. ಅಂಚು ಕಪ್ಪು, ಕೀವು ಇದೆ, ವಾಸನೆ ಇದೆ, ರೋಗಿಗೆ ನೋವು ತಿಳಿಯುತ್ತಿಲ್ಲ. ಬರೆಯುತ್ತಾ ಬರೆಯುತ್ತಾ ಅವಳ ಕೈ ಗಟ್ಟಿಯಾಯಿತು. ಕೊನೆಯಲ್ಲಿ ಒಂದು ಕಾಲಂ ಉಳಿದಿತ್ತು, ಮನೆಯಲ್ಲಿ ಆರೈಕೆ ಮಾಡುವವರಿಗೆ ಕೊಟ್ಟ ತಿಳಿವಳಿಕೆ ಏನೆಂಬುದು. ಅದಕ್ಕೂ ಪಾಠದಲ್ಲಿ ಒಂದು ಮಾತಿತ್ತು. ಅವಳು ಅದನ್ನೇ ಕೇಳಿದಳು.

“ಅಮ್ಮಾ, ನಿಮ್ಮ ಕಡೆಯವರು ಯಾರಿದಾರೆ? ಅವ್ರಿಗೂ ಹೇಳ್ಬೇಕಿತ್ತು.”

ಸಿದ್ದೇಶನ ಹೆಸರು ಕೋಕಿಲಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅದೂ ಡಬ್ಬಿಯಲ್ಲೇ ಇದ್ದ ಥರ್ಮಾಮೀಟರಿನ ಕಥೆಯೇ ಆಗುತ್ತಿತ್ತು.

“ಯಾರೂ ಇಲ್ಲ” ಎಂದಳು.

ರಂಜಿನಿಯ ಪೆನ್ನು ಗಾಳಿಯಲ್ಲೇ ನಿಂತಿತು. “ಬರಿ” ಎಂದಳು ಕೋಕಿಲಾ. ಬರೆದಳು.

ಬಸವರಾಜೇಶ್ವರಿ ಆ ಸಾಲನ್ನು ಓದಿದರು. ಎಕ್ಸಾಮಿನರ್ ಆಗಿ ಏನೋ ಒಂದನ್ನು ಕೇಳಲೇಬೇಕೆಂದು ಕೇಳಿದರೋ, ನಿಜವಾಗಿ ತಿಳಿಯಬೇಕೆಂದೇ ಕೇಳಿದರೋ, “ಪೇಷಂಟಿಗೆ ಯಾರೂ ಇಲ್ಲ ಅಂದ್ರೆ ನರ್ಸ್ ಏನು ಮಾಡ್ಬೇಕು?” ಎಂದರು.

“ಗೊತ್ತಿಲ್ಲ ಮೇಡಂ. ನಮಗೆ ಹೇಳ್ಕೊಟ್ಟಿಲ್ಲ” ಎಂದಳು ರಂಜಿನಿ. ಉತ್ತರ ತಿಳಿಯದಾಗಲೆಲ್ಲ ಮಾಡುತ್ತಿದ್ದಂತೆ ಐದೂ ಹುಡುಗಿಯರು ಕೋಕಿಲಾ ಮೇಡಂ ಕಡೆಗೆ ತಿರುಗಿದರು. ಅವಳು ಕಣ್ಣು ತಪ್ಪಿಸಿದಳು. ಹದಿನಾಲ್ಕು ವರ್ಷದ ನೋಟ್ಸಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ಬಸವರಾಜೇಶ್ವರಿ ಇಪ್ಪತ್ತನ್ನು ಹೊಡೆದು ಹದಿಮೂರು ಹಾಕಿದರು. ಪಾಸಿಗೆ ಅಷ್ಟು ಸಾಕಿತ್ತು. ಕೋಕಿಲಾ ಉಳಿದ ಇಬ್ಬರ ಪರೀಕ್ಷೆಗೂ ಮಲಗಿದಳು, ಬೇಡವೆಂದರೂ ಕೇಳಲಿಲ್ಲ. ಎಲ್ಲ ಮುಗಿಸಿ ಗೇಟಿನ ಹತ್ತಿರ ಬಂದಾಗ ರಂಜಿನಿ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದಳು.

“ನಾನೂ ಬರ್ತೀನಿ ಮೇಡಂ.”

“ನಾಳೆ ನಿಂಗೆ ಥಿಯರಿ ಪರೀಕ್ಷೆ ಇದೆ. ಹೋಗಿ ಓದ್ಕೋ.”

ಬಾ ಅನ್ನಬೇಕೆಂದು ಕೋಕಿಲಾಳಿಗೆ ತುಂಬಾ ಆಸೆ ಇತ್ತು. ಆಟೋ ಮಾಗಡಿ ರಸ್ತೆಗೆ ತಿರುಗುವವರೆಗೂ, ಹುಡುಗಿ ಇನ್ನೊಮ್ಮೆ ಕೇಳಬಾರದಿತ್ತೇ ಎಂದು ಅವಳ ಮೇಲೇ ಸಿಟ್ಟು ಮಾಡಿಕೊಂಡಳು.

ಆಸ್ಪತ್ರೆಯ ಕೌಂಟರಿನಲ್ಲಿ ಅದೇ ಮನುಷ್ಯ ಕೂತಿದ್ದ. ಅವನಿಗೆ ಇವಳ ಗುರುತು ಸಿಗಲಿಲ್ಲ. ಹೆಸರು ಬರೆದ, ವಯಸ್ಸು ಬರೆದ, ವಿಳಾಸ ಬರೆದ.

“ಪೇಷಂಟ್ ಕಡೆಯವರು?”

“ಯಾರೂ ಇಲ್ಲ. ಒಬ್ಳೇ ಬಂದಿದೀನಿ.” ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ಹಿಂದಿದ್ದವರಿಗೆಲ್ಲ ಕೇಳಿಸಿರಬೇಕು. ಯಾರೂ ತಿರುಗಿ ನೋಡಲಿಲ್ಲ.

ಅವನು ತಲೆ ಎತ್ತದೆ ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದ. “ಇಲ್ಲಿ ನೀವೇ ಸೈನ್ ಹಾಕಿ. ಮೂರನೇ ಮಹಡಿ, ಲಿಫ್ಟ್ ಆ ಕಡೆ.”

ಅವಳು ಸೈನ್ ಹಾಕಿ ಅಲ್ಲೇ ನಿಂತಳು. ಇನ್ನೂ ಏನೋ ಇರಬೇಕೆಂದು ಕಾದಳು.

“ಇನ್ನೇನಮ್ಮ?”

“ಏನಿಲ್ಲ.”

ಸಂಜೆ ಎಕ್ಸ್‌ರೇ ಹಿಡಿದು ಡಾಕ್ಟರು ಬಂದರು. ಮೊದಲ ಸಲ ನೋಡಿದ್ದವರೇ. ಅಡ್ಮಿಷನ್ ಫಾರಂ ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದ ಹಲಗೆಯನ್ನು ಮಂಚದ ಮೇಲಿಟ್ಟು ಬೈಯಲು ಶುರುಮಾಡಿದರು. “ಮೂಳೆಗಿಳಿದಿದೆ ಸಿಸ್ಟರ್. ಎರಡು ಬೆರಳು ಉಳಿಯಲ್ಲ. ಆವತ್ತೇ ಅಡ್ಮಿಟ್ ಆಗಿದ್ರೆ ಏನೂ ಆಗ್ತಿರ್ಲಿಲ್ಲ. ನರ್ಸ್ ಆಗಿ ಯಾಕ್ರೀ ಹೀಗೆ ಮಾಡಿದ್ರಿ?”

ಕೋಕಿಲಾ ಹಲಗೆಯನ್ನು ಹತ್ತಿರಕ್ಕೆಳೆದು ಆ ಅಡ್ಡಗೆರೆಯ ಮೇಲೆ ಬೆರಳಿಟ್ಟಳು. “ಇದನ್ನ ಬರೆಸೋಕೆ ನಾಚಿಕೆ ಆಯ್ತು ಡಾಕ್ಟ್ರೇ.”

ಡಾಕ್ಟರು ಗೆರೆಯನ್ನು ನೋಡಿದರು, ಅವಳ ಮುಖ ನೋಡಿದರು, ಬೈಗುಳ ನಿಲ್ಲಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅವಳ ಎಡಗಾಲಿನ ಹೆಬ್ಬೆರಳಿನ ಮೇಲೂ ಪಕ್ಕದ ಬೆರಳಿನ ಮೇಲೂ ಒಂದೊಂದು ಗುರುತು ಹಾಕಿದರು.